ಏಡಿ ಸಂಕ ದಾಟಿದ ಬಗೆ

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆಯಿದ್ದ ಕಾಲವದು. ಹಳ್ಳಕ್ಕೂ ಗಾಳಿಗೂ ಮಾತು ಬರುತ್ತಿತ್ತು. ಸಂಕ ಅಂದರೆ ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಳ್ಳದ ಈಚೆ ದಡದಲ್ಲಿ ಬೊಮ್ಮಜ್ಜಿ ಇದ್ದಳು. ಹೋದ ವರ್ಷದ ಬೇಸಿಗೆಯಲ್ಲಿ ಹಳ್ಳ ಬತ್ತಿದ್ದಾಗ ಅವಳ ಮಗಳು ನೀಲು ಮದುವೆಯಾಗಿ ಆಚೆ ದಡಕ್ಕೆ ಹೋಗಿದ್ದಳು. ಈಗ ಮಳೆಗಾಲ. ಹಳ್ಳ ತುಂಬಿ ಹರಿಯುತ್ತಿತ್ತು.

ಒಂದು ಬೆಳಗ್ಗೆ ಗಾಳಿ ಓಡಿ ಬಂತು. "ಅಜ್ಜೀ, ನೀಲು ಹೆತ್ತು ಮೂರು ದಿನವಾಯ್ತು. ಮಳೆಗೆ ಅವಳ ಒಲೆ ಆರಿಹೋಗಿದೆ. ನಿನ್ನ ಅಳಿಯ ಬೆಂಕಿ ಹುಡುಕಿಕೊಂಡು ಗುಡ್ಡದಾಚೆ ಹೋಗಿದ್ದಾನೆ. ಕೂಸಿನ ಕೈಕಾಲು ತಣ್ಣಗಾಗ್ತಾ ಇದೆ."

ಅಜ್ಜಿ ಮಡಕೆಗೆ ಕೆಂಡ ತುಂಬಿಕೊಂಡು ಹಳ್ಳದ ದಡಕ್ಕೆ ಬಂದಳು.

"ಮಳೆಗಾಲದಲ್ಲಿ ನನ್ನನ್ನು ಯಾರೂ ದಾಟಿಲ್ಲ," ಅಂದಿತು ಹಳ್ಳ. "ಮನೆಗೆ ಹೋಗಜ್ಜಿ."

"ಹೋಗ್ತೇನೆ. ಮಗಳ ಮನೆಗೆ."

ಅಜ್ಜಿ ಕಲ್ಲು ಹಾಕಿದಳು. ಹಳ್ಳ ಉರುಳಿಸಿಕೊಂಡು ಹೋಯಿತು. ಇನ್ನೂ ದೊಡ್ಡ ಕಲ್ಲು ಹಾಕಿದಳು. ಅದನ್ನೂ ಉರುಳಿಸಿಕೊಂಡು ಹೋಯಿತು. ದಡದಲ್ಲಿ ಸಪೂರದ ಬಗನಿ ಮರವೊಂದು ನೀರಿನ ಕಡೆಗೆ ವಾಲಿತ್ತು. ಅಜ್ಜಿ ಕಲ್ಲಿನ ಕೊಡಲಿ ತಂದು ಕಡಿದಳು, ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ ಕಡಿದಳು. ಮರ ಆಚೆ ದಡಕ್ಕೆ ಅಡ್ಡ ಬಿತ್ತು.

ಕಾಲಿಟ್ಟಳು. ಮರ ಗಿರ್ರನೆ ಹೊರಳಿತು. ಹಳ್ಳ ನಕ್ಕಿತು.

"ನಗು ನೀನು," ಅಂದಳು ಅಜ್ಜಿ. "ಆಚೆ ತುದಿಯನ್ನು ಯಾರಾದರೂ ಮಣ್ಣಲ್ಲಿ ಹೂತು ಕೊಟ್ಟರೆ ಇದು ಅಲ್ಲಾಡೋದಿಲ್ಲ."

ಅವಳ ಕಾಲ ಬಳಿಯಿದ್ದ ಏಡಿ ಕಣ್ಣೆತ್ತಿ ನೋಡಿತು. ಆಗೆಲ್ಲ ಏಡಿ ಇರುವೆಯ ಹಾಗೆ ನೆಟ್ಟಗೆ ನಡೆಯುತ್ತಿತ್ತು.

"ಮಣ್ಣು ತೋಡೋದು ನನಗೆ ಗೊತ್ತು ಅಜ್ಜಿ. ಆದರೆ ನಾನು ಆಚೆ ಹೋಗೋದು ಹೇಗೆ?"

"ಮರ ಹೊರಳದ ಹಾಗೆ ನಾನು ಈಚೆ ತುದಿ ಅದುಮಿ ಹಿಡೀತೇನೆ. ನೀನು ಹೋಗು ಮಗಾ."

ಏಡಿ ಮರ ಹತ್ತಿತು. ಮರ ಸಪೂರ, ಏಡಿ ಅಗಲ. ಎಡಗಾಲುಗಳೂ ಬಲಗಾಲುಗಳೂ ಗಾಳಿಯಲ್ಲೇ ಆಡಿದವು. ಬುಳುಂಕನೆ ಬಿತ್ತು. ದಡ ಹಿಡಿದು ಮೇಲೆ ಬಂತು. ಮತ್ತೆ ಹತ್ತಿತು, ಮತ್ತೆ ಬಿತ್ತು.

"ಸಾಕಾಯ್ತಾ?" ಹಳ್ಳ ಕೇಳಿತು.

ಏಡಿ ಮೂರನೆಯ ಸಲ ಹತ್ತಿತು.

"ಅಡ್ಡ ತಿರುಗು ಮಗಾ!" ಅಜ್ಜಿ ಕೂಗಿದಳು. "ಎಲ್ಲ ಕಾಲೂ ಮರದ ಮೇಲಿರಲಿ!"

ಏಡಿ ಅಡ್ಡ ತಿರುಗಿತು. ಎಂಟು ಕಾಲೂ ಮರವನ್ನು ಕಚ್ಚಿ ಹಿಡಿದವು. ಹಳ್ಳ ನೀರೆರಚಿತು, ಏಡಿ ನಿಲ್ಲಲಿಲ್ಲ. ಆಚೆ ದಡ ಸೇರಿ ಮರದ ತುದಿಯ ಅಡಿಗೇ ತೋಡಿತು, ತೋಡಿತು. ಕೊನೆಗೆ ತುದಿ ದಪ್ಪೆಂದು ಕುಳಿಯೊಳಗೆ ಕುಳಿತಿತು.

ಬೊಮ್ಮಜ್ಜಿ ಮಡಕೆ ಎತ್ತಿಕೊಂಡಳು. ಏಡಿಯ ಹಾಗೆಯೇ ಅಡ್ಡ ಹೆಜ್ಜೆ ಇಡುತ್ತ ದಾಟಿದಳು. ನೀಲುವಿನ ಒಲೆ ಹೊತ್ತಿತು. ಕೂಸಿನ ಪಾದ ಬೆಚ್ಚಗಾಯಿತು. ಅದು ಅತ್ತ ಜೋರಿಗೆ ಹಳ್ಳವೂ ಒಂದು ಗಳಿಗೆ ಸುಮ್ಮನಾಯಿತು.

ಆ ಮರವನ್ನು ಯಾರೂ ತೆಗೆಯಲಿಲ್ಲ. ಅಳಿಲು ದಾಟಿತು, ಮೇಕೆ ದಾಟಿತು, ಬಸುರಿಯರೂ ಬಾಣಂತಿಯರೂ ದಾಟಿದರು. ಅದನ್ನು ಸಂಕ ಎಂದು ಕರೆದರು.

ಏಡಿ ಮನೆಗೆ ಬಂದಾಗಲೂ ಅಡ್ಡಡ್ಡವೇ ಬಂತು. "ಅಮ್ಮಾ, ಇದೇನು ನಡಿಗೆ?" ಮರಿಗಳು ಕೇಳಿದವು.

"ಹೀಗೆ ನಡೆದೇ ಹಳ್ಳ ದಾಟಿದೆ. ಇನ್ನು ನಾವು ನಡೆಯೋದು ಹೀಗೇ."

ಮರಿಗಳೂ ಸಾಲಾಗಿ ಅಡ್ಡ ತಿರುಗಿದವು. ಅದಕ್ಕೇ ಕಣೋ, ಇವತ್ತಿಗೂ ಗದ್ದೆಯ ಬದುವಿನಲ್ಲಿ ನೀನು ಹತ್ತಿರ ಹೋದರೆ ಏಡಿ ಅಡ್ಡಡ್ಡ ಓಡಿ, ಮಣ್ಣು ತೋಡಿ ಮಾಡಿದ ಬಿಲದೊಳಗೆ ನುಗ್ಗುವುದು.