ಬಾಗಿಲ ಚಿಲಕದಲ್ಲಿ ಕೋವಿ ಕಟ್ಟಿದ ಕಾಳಾಚಾರಿ

ಕಂಡವರು ಯಾರೂ ಉಳಿದಿಲ್ಲ, ಹೇಳುವವರು ಇದ್ದಾರೆ. ನಾನೂ ಹೇಳುವವರ ಪೈಕಿಯೇ. ಆದ್ದರಿಂದ ಸುಮ್ಮನೆ ಕೂತು ಕೇಳಿ, ನಡುವೆ ಎದ್ದು ಹೋಗಬೇಡಿ.

ಬಹಳ ಬಹಳ ಹಿಂದೆ, ಗುಡ್ಡದ ಸಾಲು ಮುಗಿದು ರಾಗಿ ಹೊಲ ಶುರುವಾಗುವ ಕಡೆ, ಗೊರವನಮಾಳ ಅಂತ ಒಂದು ಊರು. ಆ ಊರಿನಲ್ಲಿ ಕಾಳಾಚಾರಿ ಅಂತ ಒಬ್ಬ ಕಮ್ಮಾರ. ನೇಗಿಲ ಕುಳ ತಟ್ಟುತ್ತಿದ್ದ, ಕುಡುಗೋಲು ಹದ ಮಾಡುತ್ತಿದ್ದ, ಎಲ್ಲ ಕಮ್ಮಾರರೂ ಮಾಡುವುದನ್ನೇ ಮಾಡುತ್ತಿದ್ದ. ಆದರೆ ಸುತ್ತಿನ ಊರಿನವರು ಬುತ್ತಿ ಕಟ್ಟಿಕೊಂಡು ಅವನನ್ನು ಹುಡುಕಿ ಬರುತ್ತಿದ್ದದ್ದು ಕೋವಿಗೆ. ಕಾಡಂಚಿನ ಊರುಗಳು ಅವು. ಹಂದಿ ಬರುತ್ತದೆ, ಕಡವೆ ಬರುತ್ತದೆ, ಆನೆ ಬರುತ್ತದೆ. ಕಾಯದಿದ್ದರೆ ಒಂದು ತೆನೆಯೂ ಕಣಕ್ಕೆ ಬರುವುದಿಲ್ಲ.

ಕಾಳಾಚಾರಿಯ ಕೋವಿ ಎಲ್ಲರ ಕೈಗೂ ಆಗುವಂಥದ್ದಲ್ಲವಂತೆ. ಕೇಳಿಕೊಂಡು ಬಂದವನನ್ನು ಕುಲುಮೆಯ ಮುಂದೆ ಕೂರಿಸಿ, ಸಣಬಿನ ಹುರಿ ಹಿಡಿದು ತೋಳು ಅಳೆಯುತ್ತಿದ್ದ, ಹೆಗಲು ಅಳೆಯುತ್ತಿದ್ದ, ಕೆನ್ನೆಯಿಂದ ಕಣ್ಣಿಗೆ ಎಷ್ಟು ಅಂತ ಅಳೆದು ಗಂಟು ಹಾಕುತ್ತಿದ್ದ. ಆಮೇಲೆ ರಾಗಿ ಕಡ್ಡಿಗೆ ಜೇಡಿಮಣ್ಣು ಮೆತ್ತಿ ಒಂದು ಸುಳ್ಳು ಕೋವಿ ಮಾಡಿ ಕೈಗೆ ಕೊಡುತ್ತಿದ್ದ. ಹೆಗಲಿಗೆ ಕೂರದಿದ್ದರೆ ಮಣ್ಣು ಕೆರೆಯುತ್ತಿದ್ದ, ಮತ್ತೆ ಮೆತ್ತುತ್ತಿದ್ದ. ಮಣ್ಣಿಗೆ ಕಾಸಿಲ್ಲ, ತಪ್ಪೆಲ್ಲ ಮಣ್ಣಿನಲ್ಲೇ ಆಗಿಹೋಗಲಿ ಅಂತ ಅವನ ಲೆಕ್ಕ. ಬಂದವರೆಲ್ಲ ಬಡವರು ನೋಡಿ, ಅವರ ಕಬ್ಬಿಣ ಹಾಳು ಮಾಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಕಬ್ಬಿಣ ಕೊಳ್ಳಲು ಕೈಲಾಗದವರು ಮನೆಯದ್ದೇ ತರುತ್ತಿದ್ದರು. ಮುರಿದ ಕುಡುಗೋಲು, ಸವೆದ ಸೌಟು, ತೊಟ್ಟಿಲ ಕೊಂಡಿ. ಬಡತನಕ್ಕೆ ಹುಟ್ಟಿದ ಪದ್ಧತಿ ಅದು, ಬರಬರುತ್ತಾ ಶಾಸ್ತ್ರವೇ ಆಗಿಹೋಯಿತು. ಯಾಕೆಂದರೆ ಕಬ್ಬಿಣ ತಾನು ಮಾಡಿದ ಕೆಲಸ ಮರೆಯುವುದಿಲ್ಲ ಅಂತ ಕಾಳಾಚಾರಿ ಹೇಳುತ್ತಿದ್ದನಂತೆ. ಕುಡುಗೋಲು ಹಾಕಿಸಿಕೊಂಡವನ ಕೋವಿ ಏನು ಮಾಡಿದರೂ ಮೊಣಕಾಲಿನ ಎತ್ತರಕ್ಕೇ ಹೊಡೆಯುತ್ತಿತ್ತು, ತೆನೆ ಕೊಯ್ದ ಅಭ್ಯಾಸ ಹೋಗಲಿಲ್ಲ. ಸೌಟಿನ ಕೋವಿ ಚರೆಗುಂಡನ್ನು ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲ ಹಂದಿಗೂ ಸಮನಾಗಿ ಹಂಚುತ್ತಿತ್ತಂತೆ, ಒಂದೂ ಸಾಯುತ್ತಿರಲಿಲ್ಲ. ನಗಬೇಡಿ. ತೊಟ್ಟಿಲ ಕೊಂಡಿಯ ಕೋವಿ ಮರಿ ಜೊತೆಗಿರುವ ಯಾವ ಪ್ರಾಣಿಯ ಮೇಲೂ ಹಾರಲೇ ಇಲ್ಲ ಅಂತಾರೆ. ಅಲ್ಲಿಂದೀಚೆಗೆ ಕಾಳಾಚಾರಿ ಯಾವ ಕಬ್ಬಿಣ ಮುಟ್ಟಿದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ಇದು ನಿಮ್ಮ ಮನೆಯಲ್ಲಿ ಏನು ಮಾಡಿಕೊಂಡಿತ್ತು ಅಂತ. ಉತ್ತರ ಸಮಾಧಾನವಾಗುವ ತನಕ ಇದ್ದಿಲಿಗೆ ಗಾಳಿ ಹಾಕುತ್ತಿರಲಿಲ್ಲ.

ಒಂದೇ ಒಂದು ಸಲ ಕೇಳಲಿಲ್ಲ. ಕಥೆ ಇರುವುದು ಅಲ್ಲೇ.

ಆ ವರ್ಷ ಗುಡ್ಡದಿಂದ ಒಂದು ಚಿರತೆ ಇಳಿಯಿತು. ಚಿರತೆ ಅಂತ ನಾನು ಹೇಳುತ್ತಿದ್ದೇನೆ, ಊರಿನವರು ಆ ಹೆಸರೆತ್ತುತ್ತಿರಲಿಲ್ಲ, 'ಅದು' ಅಂತಲೇ ಅನ್ನುತ್ತಿದ್ದರು. ಆ ಕಾಲದಲ್ಲಿ ಊರ ಕೋವಿಗಳೆಲ್ಲ ಬಾಯಿಂದ ತುಂಬುವಂಥವು. ಮದ್ದು ಸುರಿಯಬೇಕು, ಬಟ್ಟೆ ತುರುಕಬೇಕು, ಗುಂಡು ಹಾಕಬೇಕು, ಸಲಾಕೆಯಿಂದ ಜಡಿಯಬೇಕು. ಒಂದು ಈಡು ಆದಮೇಲೆ ಇನ್ನೊಂದಕ್ಕೆ ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು. ಅದು ಈ ಹೊತ್ತನ್ನು ಕಲಿತುಬಿಟ್ಟಿತ್ತು. ಮುಸ್ಸಂಜೆಯಲ್ಲಿ ಹೊಲದ ಅಂಚಿಗೆ ಬಂದು ಅರ್ಧ ಮೈ ತೋರಿಸುವುದು, ಕಾವಲಿನವನು ಈಡು ಹಾರಿಸುವುದು, ಅದು ಮಾಯವಾಗುವುದು. ಆಮೇಲೆ ಅವನು ಸಲಾಕೆ ಎಳೆಯುವ ಸದ್ದು ಕೇಳಿಕೊಂಡು, ಆ ಸದ್ದಿನ ಮೇಲೇ ಬರುವುದು. ಕೆಂಡಯ್ಯ ಅನ್ನುವವನು ಹೋದದ್ದು ಹಾಗೆಯೇ. ಬೆಳಿಗ್ಗೆ ಕಾವಲಿನ ಅಟ್ಟಣೆಯ ಮೇಲೆ ಅವನ ಕೋವಿ ಸಿಕ್ಕಿತು, ಸಲಾಕೆ ಅರ್ಧ ಒಳಗೆ, ಅರ್ಧ ಹೊರಗೆ.

ಕೆಂಡಯ್ಯನ ಮನೆಯಲ್ಲಿ ಉಳಿದವರು ಇಬ್ಬರೇ. ಹೆಂಡತಿ ಚಿಕ್ಕತಾಯಿ, ತಾಯಿ ಮಲ್ಲವ್ವ. ಮಲ್ಲವ್ವನಿಗೆ ಕಣ್ಣು ಮಂಜು. ರಾಗಿ ಹಾಲುಗಟ್ಟುವ ಕಾಲ, ಕಾಯದಿದ್ದರೆ ಆ ವರ್ಷ ಇಬ್ಬರಿಗೂ ಹಿಟ್ಟಿಲ್ಲ. ಕಾಯಲು ಹೋದರೆ ಅದು ಇದೆ. ಚಿಕ್ಕತಾಯಿ ಮೈಲಿಗೆ ಕಳೆದ ಮಾರನೆಯ ದಿನವೇ ಕುಲುಮೆಗೆ ಬಂದು, ಎರಡನೇ ಈಡು ತಕ್ಷಣ ಹಾರುವ ಕೋವಿ ಬೇಕು ಅಂತ ಕೇಳಿದಳು. ಹಾರಿಸುವವನು ಯಾರು, ಮೈದುನನೋ ಅಣ್ಣನೋ, ಕರೆದುಕೊಂಡು ಬಾ, ಅಳತೆ ತೆಗೆಯಬೇಕು ಅಂದ ಕಾಳಾಚಾರಿ. ಅವಳು ಕುಲುಮೆಯ ಮುಂದೆ ತಾನೇ ಹೋಗಿ ಕೂತು ತೋಳು ಚಾಚಿದಳು. ಅಲ್ಲಿದ್ದ ಗಂಡಸರು ಮೂಗು ಮುರಿದರು. ಕಾಳಾಚಾರಿ ಅವರ ಕಡೆ ನೋಡದೆ ಹುರಿ ಎತ್ತಿಕೊಂಡನಂತೆ.

ಅಂಥ ಕೋವಿಯನ್ನು ಅವನು ಒಂದು ಸಲ ಕಂಡಿದ್ದ. ದಂಡಿನಿಂದ ತಪ್ಪಿಸಿಕೊಂಡ ಸಿಪಾಯಿಯೊಬ್ಬ ಚಳಿಜ್ವರದಲ್ಲಿ ಅವನ ಜಗಲಿಯ ಮೇಲೆ ಪ್ರಾಣ ಬಿಟ್ಟಿದ್ದ. ಬಾಯಿಂದ ತುಂಬುವ ಕೋವಿಯಲ್ಲ ಅವನದ್ದು. ಹಿಂದೆ ಒಂದು ಕಬ್ಬಿಣದ ಚಿಲಕ. ಚಿಲಕ ಹಿಂದಕ್ಕೆ ಎಳೆದು, ಮದ್ದು ಗುಂಡು ಒಟ್ಟಿಗೇ ಇರುವ ತೋಟೆ ಇಟ್ಟು ಮುಂದಕ್ಕೆ ದೂಡಿದರೆ ಆಯಿತು, ಹಾರಿಸಿ ಮತ್ತೆ ಎಳೆದರೆ ಖಾಲಿ ತೋಟೆ ಆಚೆ ಬೀಳುತ್ತದೆ, ಇನ್ನೊಂದು ಇಡಬಹುದು. ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಸಿಪಾಯಿಯ ಕೋವಿಯ ಮರ ಗೆದ್ದಲು ತಿಂದಿತ್ತು, ಚಿಲಕ ಮುರಿದು ಎಲ್ಲೋ ಬಿದ್ದಿತ್ತು. ಉಳಿದದ್ದು ಗುಂಡು ಹಾರುವ ನಳಿಗೆ, ಚೀಲದ ತಳದಲ್ಲಿ ನಾಲ್ಕಾರು ತೋಟೆ.

ಕಾಳಾಚಾರಿ ಗೋಣಿ ಹಾಸಿ ಇದ್ದದ್ದನ್ನೆಲ್ಲ ಜೋಡಿಸಿಟ್ಟು ಅದರ ಮುಂದೆ ಕೂತ. ಬೆಳಿಗ್ಗೆ ಕೂತವನು ಎಮ್ಮೆಗಳು ಮನೆಗೆ ಬರುವ ತನಕ ಎದ್ದಿಲ್ಲವಂತೆ. ನಳಿಗೆ ಇದೆ, ಸರಿ. ಮರಕ್ಕೆ ಏನು ಮಾಡುವುದು? ಕೆಂಡಯ್ಯನ ನೇಗಿಲು ಇನ್ನು ಉಳುವವರಿಲ್ಲದೆ ಗೋಡೆಗೆ ಒರಗಿತ್ತು, ಅದೇ ಆಯಿತು. ಸ್ಪ್ರಿಂಗಿಗೆ ಒಂದು ಹಳೇ ಬೀಗ ಬಿಚ್ಚಿದ. ಇಷ್ಟೆಲ್ಲ ಇಟ್ಟಮೇಲೂ ಗೋಣಿಯ ನಡುವೆ ಒಂದು ಗೇಣು ಜಾಗ ಖಾಲಿ. ಚಿಲಕಕ್ಕೆ ಸಾಧಾರಣ ಕಬ್ಬಿಣ ಆಗದು, ಸಿಕ್ಕಿಕೊಂಡರೆ ಹೆಂಗಸಿನ ಜೀವ ಹೋಗುತ್ತದೆ. ಒಳ್ಳೆ ಉಕ್ಕು ಪೇಟೆಯಿಂದ ತರಿಸಲು ಅವಳ ಹತ್ತಿರ ಇದ್ದದ್ದು ಕಿವಿಯ ಓಲೆ ಮಾತ್ರ, ಅದು ಉಕ್ಕಿನ ಅರ್ಧ ಬೆಲೆಗೂ ಸಾಲದು. ಆಗ ಅವಳು ಮನೆಗೆ ಹೋಗಿ ಬಾಗಿಲಿನ ಚಿಲಕವನ್ನೇ ಕಿತ್ತು ತಂದಳು. ಅಜ್ಜಿಯ ಅಜ್ಜಿಯ ಕಾಲದ್ದು. ಎಷ್ಟೋ ಕೈಗಳು ಎಳೆದೂ ದೂಡಿಯೂ ಅದು ಗಾಜಿನ ಹಾಗೆ ನುಣುಪಾಗಿತ್ತು. ಕಾಳಾಚಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ ಖುಷಿಯಾಗಿಬಿಟ್ಟ. ಬಾಗಿಲಿಗೆ ಏನು ಮಾಡುತ್ತೀ ಅಂತ ಮಾತ್ರ ಕೇಳಿದ. ಬೀಸುವ ಕಲ್ಲು ಉರುಳಿಸಿ ಇಡುತ್ತೇನೆ ಅಂದಳು. ಇದು ನಿಮ್ಮ ಮನೆಯಲ್ಲಿ ಏನು ಮಾಡಿಕೊಂಡಿತ್ತು ಅಂತ ಅವನು ಕೇಳಲೇ ಇಲ್ಲ. ಚಿಲಕ ಚಿಲಕದ ಕೆಲಸ ತಾನೇ ಮಾಡುವುದು, ಅದರಲ್ಲಿ ಕೇಳುವುದೇನಿದೆ ಅಂದುಕೊಂಡ.

ಕೋವಿ ಆಗುವ ತನಕ ಆ ಇಬ್ಬರು ಹೆಂಗಸರು ಬೀಸುವ ಕಲ್ಲಿಗೆ ಬೆನ್ನು ಕೊಟ್ಟು ಮಲಗಿದರಂತೆ. ಬೆಳಿಗ್ಗೆ ಬಾಗಿಲ ಹೊರಮೈ ನೋಡಿದರೆ ಉಗುರಿನ ಗೀರು. ಮೊದಲು ಹೊಸ್ತಿಲ ಹತ್ತಿರ ಇತ್ತು. ಮಾರನೆಯ ದಿನ ಇನ್ನಷ್ಟು ಮೇಲೆ. ಕೊನೆಗೆ ಚಿಲಕ ಇದ್ದ ಎತ್ತರದಲ್ಲಿ, ಚಿಲಕ ಕಿತ್ತ ತೂತಿನ ಸುತ್ತಲೂ ಇತ್ತು.

ಕೋವಿ ಆಯಿತು. ನಡುಹಗಲಿನಲ್ಲಿ ಕುಲುಮೆಯ ಹಿಂದಿನ ಬಯಲಿಗೆ ಹೋಗಿ ಚಿಕ್ಕತಾಯಿಯ ಕೈಯಲ್ಲಿ ಎರಡು ಈಡು ಹಾರಿಸಿ ನೋಡಿದರು. ನೇಗಿಲ ಮರ ಅವಳ ಕೆನ್ನೆಗೆ ಕೂತಿತು, ಚಿಲಕ ಬೆಣ್ಣೆಯ ಹಾಗೆ ಹೋಗಿ ಬಂತು. ಎರಡು ಸದ್ದಿನ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ. ಕಾಳಾಚಾರಿ ಅವಳ ಅಳತೆಯ ಹುರಿಯನ್ನು ಬೆಂಕಿಗೆ ಹಾಕಿದ. ಕೋವಿ ಮುಗಿದ ಮೇಲೆ ಹಾಗೆ ಮಾಡುವುದು ಅವನ ರೂಢಿ.

ಆ ಸಂಜೆಯೇ ಅವಳು ಹೊಲಕ್ಕೆ ಹೋದಳು. ಚಿಲಕವಿಲ್ಲದ ಮನೆಯಲ್ಲಿ ಅತ್ತೆಯನ್ನು ಬಿಡಲಾರದೆ ಕಾಳಾಚಾರಿಯ ಮನೆಗೆ ಕರೆತಂದು ಕೂರಿಸಿದ್ದಳು. ಅಟ್ಟಣೆ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ತೋಟೆ ಇಟ್ಟು ಚಿಲಕ ಮುಚ್ಚಿದಳಂತೆ.

ಇತ್ತ ಕಾಳಾಚಾರಿಯೂ ತನ್ನ ಮನೆಯ ಬಾಗಿಲು ಹಾಕಿದ. ಏನೋ ನೆನಪಾಗಿ ಮತ್ತೆ ತೆಗೆದ, ಅಂಗಳದಲ್ಲಿದ್ದ ಚೊಂಬು ಒಳಗೆ ತಂದ. ಚಿಲಕದ ಸದ್ದು ಕೇಳಿ ಮೂಲೆಯಲ್ಲಿದ್ದ ಮಲ್ಲವ್ವ ತಲೆ ಎತ್ತಿದಳು. ಮುಚ್ಚಿದ ಚಿಲಕವನ್ನು ಕತ್ತಲಾದ ಮೇಲೆ ತೆಗೆಯುತ್ತೀರಾ ನಿಮ್ಮ ಮನೆಯಲ್ಲಿ ಅಂತ ಬೆರಗಾಗಿ ಕೇಳಿದಳು. ಯಾಕವ್ವ ಅಂದ ಅವನು. ಆಗ ಅವಳು ಹೇಳಿದಳು:

"ನಮ್ಮನೇಲಿ ತಗಿಯಂಗಿಲ್ಲ ಕಣಪ್ಪ. ನಮ್ಮತ್ತೆ ಕಾಲ್ದಲ್ಲಿ ಏನೋ ಒಂದು ಬಾಗ್ಲಿಗೆ ಬಂದಿತ್ತಂತೆ. ಅವತ್ತಿಂದ ಆ ಚಿಲ್ಕದ್ ಮ್ಯಾಲ ಆಣೆ ಮಡಗವ್ರೆ. ದೀಪ ಹಚ್ಚಿ ಮುಚ್ಚುದ್ರ ಬೆಳಕರಿಯಗಂಟ ಅದು ತಗಿಯಂಗಿಲ್ಲ. ನನ್ ಮಗ ಹೊಲದಿಂದ ಬಂದು, ಒಂದ್ಸಲ ಕೆಮ್ಮಿ, ಹೊರಗಿಂದ ಕೂಗುದ್ರ ಮಾತ್ರ."

ಕಾಳಾಚಾರಿ ಚೊಂಬನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದ. ಅದೇ ಹೊತ್ತಿಗೆ ಹೊಲದ ಕಡೆಯಿಂದ ಒಂದು ಈಡು ಕೇಳಿಸಿತು. ಅವನು ಎರಡನೆಯದಕ್ಕೆ ಕಾದ. ಬರಲಿಲ್ಲ.

ಓಡಿದ ಅವನು. ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗದ ಹಾಗೆ ಓಡಿದ. ಕೇಳಬೇಕಾದ ಒಂದು ಮಾತು ಕೇಳದೆ ಒಂದು ಜೀವ ತೆಗೆದೆನಲ್ಲ ಅಂತ ತನ್ನನ್ನೇ ಬೈದುಕೊಳ್ಳುತ್ತ ಓಡಿದ. ಹೊಲದ ಬದು ಮುಟ್ಟಿದಾಗ ಪಡುವಣದಲ್ಲಿ ಇನ್ನೂ ಅಷ್ಟು ಬೆಳಕಿತ್ತು. ಅಟ್ಟಣೆಯ ಮೇಲೆ ಚಿಕ್ಕತಾಯಿ ಎರಡೂ ಕೈಯಲ್ಲಿ ಚಿಲಕ ಹಿಡಿದು ಜಗ್ಗುತ್ತಿದ್ದಾಳೆ, ಚಿಲಕ ಕಲ್ಲಿನಲ್ಲಿ ನೆಟ್ಟ ಹಾಗೆ ಮಿಸುಕುತ್ತಿಲ್ಲ. ಏಣಿಯ ಬುಡದಲ್ಲಿ ಅದು. ಮುಂಗಾಲು ಎರಡನ್ನೂ ಮೆಟ್ಟಿಲ ಮೇಲೆ ಇಟ್ಟು, ಯಾವ ಆತುರವೂ ಇಲ್ಲದೆ, ಮೇಲೆ ನೋಡುತ್ತಿದೆ.

ಕಾಳಾಚಾರಿಗೆ ತಿಳಿಯಿತು, ಕೂಗಬೇಕು. ಕೆಂಡಯ್ಯ ಕೂಗುತ್ತಿದ್ದ ಹಾಗೆ ತಾನು ಕೂಗಬೇಕು. ಬಾಯಿ ತೆರೆದ. ಓಡಿ ಬಂದ ಏದುಸಿರಿಗೆ ಸ್ವರವೇ ಹೊರಡಲಿಲ್ಲ. ಅಷ್ಟರಲ್ಲಿ ಅವನ ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರದಲ್ಲಿ, ಯಾರೋ ಒಂದು ಸಲ ಕೆಮ್ಮಿದರು. ಒದ್ದೆ ಕಂಬಳಿಯ ವಾಸನೆ ಬಂತು. ಆಮೇಲೆ ಗಂಡು ದನಿ, ದಣಿದ ದನಿ, ದಿನವೂ ಹೇಳಿ ಹೇಳಿ ಸವೆದ ಮಾತು:

"ಚಿಕ್ಕೀ, ಚಿಲ್ಕ ತಗಿ."

ಚಿಕ್ಕತಾಯಿ ಆಮೇಲೆ ಹೇಳಿದ್ದು ಇಷ್ಟೇ ಅಂತೆ. ತಾನು ಯೋಚನೆ ಮಾಡಲಿಲ್ಲ, ಒಲೆ ಮುಂದಿನಿಂದ ಎದ್ದು ಬಂದು ತೆಗೆಯುತ್ತಿದ್ದ ಹಾಗೆ ಕೈ ತಾನಾಗಿ ಹೋಯಿತು, ಚಿಲಕ ತಾನಾಗಿ ಜಾರಿತು. ಖಾಲಿ ತೋಟೆ ಬಿತ್ತು, ಇನ್ನೊಂದು ಕೂತಿತು. ಅಷ್ಟರಲ್ಲಿ ಅದು ಏಣಿಯ ಮೂರನೇ ಮೆಟ್ಟಿಲಿಗೆ ಬಂದಿತ್ತು. ಗುಂಡು ಎರಡು ಕಣ್ಣಿನ ನಡುವೆ ಹೋಯಿತು.

ಕಾಳಾಚಾರಿ ಪಕ್ಕಕ್ಕೆ ತಿರುಗಿ ನೋಡಿದ. ರಾಗಿ ತೆನೆ ತೂಗುತ್ತಿತ್ತು, ಅಷ್ಟೇ. ಗಾಳಿ ಇರಲಿಲ್ಲ.

ಊರಿನವರು ದೊಂದಿ ಹಿಡಿದು ಬಂದರು, ಹಲಗೆ ಬಡಿದರು, ಸತ್ತುಬಿದ್ದ ಅದನ್ನು ಬಿದಿರಿಗೆ ಕಟ್ಟಿ ಹೊತ್ತರು. ಕಾಳಾಚಾರಿ ಯಾರ ಹೊಗಳಿಕೆಗೂ ನಿಲ್ಲದೆ ಮನೆಗೆ ಬಂದ. ಮಲ್ಲವ್ವ ಹೊಸ್ತಿಲಲ್ಲೇ ಕೂತಿದ್ದಳು. ಸೊಸೆ ಉಳಿದಳು ಅಂತ ಹೇಳಿದ. ಚಿಲಕ ಹೇಗೆ ತೆರೆದುಕೊಂಡಿತು ಅಂತ ಅವಳು ಕೇಳಿದಳು. ಕೇಳಿಸಿದ್ದನ್ನು ಅವನು ಹೇಳಿದ, ಕೆಮ್ಮನ್ನೂ ಹೇಳಿದ, ಕಂಬಳಿಯ ವಾಸನೆಯನ್ನೂ ಹೇಳಿದ. ಮುದುಕಿ ಸಣ್ಣ ದನಿಯಲ್ಲಿ ಕೇಳಿದಳು:

"ಅವಳ್ನೊಬ್ಬಳ್ನೇ ಕೂಗುದ್ನಾ? ಅವ್ವಾ ಅನ್ನಲಿಲ್ವಾ?"

ಕಾಳಾಚಾರಿ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲವಂತೆ. "ಅಂದ ಕಣವ್ವ. ಮೊದ್ಲು ಅದನ್ನೇ ಅಂದದ್ದು," ಅಂದನಂತೆ. ಮಲ್ಲವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಹಾಗಾದರೆ ಸರಿ ಅಂದಳು.

ಮಾರನೆಯ ದಿನ ಕಾಳಾಚಾರಿ ಆ ಕೋವಿ ಬಿಚ್ಚಿದ. ನಳಿಗೆಯನ್ನು ಸಿಪಾಯಿಯನ್ನು ಮಣ್ಣು ಮಾಡಿದ್ದ ಗುಂಡಿಯ ಪಕ್ಕ ಹೂತ, ನೇಗಿಲ ಮರವನ್ನು ಒಲೆಗೆ ಹಾಕಬೇಡಿ ಅಂತ ಹೇಳಿ ಹಿಂದಕ್ಕೆ ಕೊಟ್ಟ. ಚಿಲಕವನ್ನು ತಾನೇ ಹೋಗಿ ಆ ಬಾಗಿಲಿಗೆ ಮತ್ತೆ ಕೂರಿಸಿದ. ಆಮೇಲೆ ಬದುಕಿರುವ ತನಕ ಚಿಲಕದ ಕೋವಿ ಮಾಡಲಿಲ್ಲ. ಮಲ್ಲವ್ವ ಮಾತ್ರ ಅವತ್ತಿನಿಂದ ದಿನವೂ ಮುಸ್ಸಂಜೆ ಚಿಲಕ ಹಾಕುವ ಮೊದಲು ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು, ಬರುವವನು ಬಂದನಾ ಅಂತ ಕತ್ತಲಿಗೆ ಕೇಳಿ, ಕಿವಿಗೊಟ್ಟು ನಿಲ್ಲುತ್ತಿದ್ದಳಂತೆ.

ಈಗಲೂ ಗೊರವನಮಾಳಕ್ಕೆ ಹೋದರೆ ನೋಡಿ. ಆಯುಧಪೂಜೆಯ ದಿನ ನೇಗಿಲು, ಮಚ್ಚು, ಕೋವಿ ಎಲ್ಲಕ್ಕಿಂತ ಮೊದಲು ಬಾಗಿಲ ಚಿಲಕಕ್ಕೆ ಕುಂಕುಮ ಇಡುತ್ತಾರೆ, ಕಾಳಾಚಾರಿಯ ಹೆಸರು ಹೇಳಿ ಇಡುತ್ತಾರೆ. ಬಾಗಿಲ ಕಬ್ಬಿಣವನ್ನು ಅಲ್ಲಿನ ಯಾವ ಕಮ್ಮಾರನೂ ಕುಲುಮೆಗೆ ಹಾಕುವುದಿಲ್ಲ. ಮತ್ತೆ ಪ್ರತಿ ಮನೆಯಲ್ಲೂ, ದೀಪ ಹಚ್ಚಿ ಚಿಲಕ ಹಾಕುವ ಮೊದಲು, ಮನೆಯ ಹಿರೀ ಹೆಂಗಸು ಬಾಗಿಲು ಒಂದು ಗೇಣು ತೆರೆದು ಕೇಳುತ್ತಾಳೆ, "ಬರೋರು ಬಂದ್ರಾ?" ಅಂತ. ಒಂದು ಉಸಿರು ಕಾಯುತ್ತಾಳೆ. ಆಮೇಲೆ ಚಿಲಕ ಹಾಕುತ್ತಾಳೆ. ಹೊರಗಿನಿಂದ ಕೆಮ್ಮು ಕೇಳಿಸಿದ ಮನೆಗಳೂ ಇವೆಯಂತೆ. ಯಾವ ಮನೆ ಅಂತ ಕೇಳಿದರೆ ಆ ಮನೆಯವರು ಹೇಳುವುದಿಲ್ಲ.