ಸ್ಥಾಣುಶೃಂಗದ ನಿಂತಡಿ

ಮಂಜಿನಲ್ಲಿ ಕಾಲೂರುತ್ತ, ಏದುಸಿರು ಬಿಡುತ್ತ, ಶಿಖರ ಇನ್ನೆಷ್ಟು ದೂರವೆಂದು ಹೆಜ್ಜೆಗೊಮ್ಮೆ ಕೇಳುವ ಭಕ್ತಮಹಾಶಯರೇ, ನಿಮ್ಮ ಅವಸರ ಹೊಸದೇನಲ್ಲ. ಕೃತಯುಗವು ಸಂದು ತ್ರೇತಾಯುಗವಿನ್ನೂ ಎಳೆಯದಾಗಿದ್ದ ಕಾಲದಲ್ಲಿ, ಹಿಮವತ್ಪರ್ವತದ ತಪ್ಪಲಿನ ದೇವದಾರುವನದಲ್ಲಿ, ಗಾಳಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತಿದ್ದ ಜಂಘಾಲನೆಂಬ ವ್ಯಾಧನಿಗೂ ಇದೇ ಅವಸರವಿತ್ತು.

ಒಂದು ದಿನ ಕಸ್ತೂರೀಮೃಗವೊಂದರ ಬೆನ್ನಟ್ಟಿದ್ದಾಗ, ಜೊತೆಗಿದ್ದ ತಮ್ಮನಾದ ಶಾರ್ಙ್ಗನು ಕೆಸರುಮಡುವಿನಲ್ಲಿ ಸೊಂಟದವರೆಗೆ ಹೂತು, ಅಣ್ಣ, ನಿಲ್ಲು ಎಂದು ಕೂಗಿದನು. ಮೃಗವೋ ಕೈಗೆಟುಕುವಷ್ಟು ಹತ್ತಿರ. ಹೊಡೆದು ಬಂದು ಎತ್ತಿದರಾಯಿತೆಂದು ಜಂಘಾಲನು ಓಡಿಯೇ ಓಡಿದನು. ಮೃಗವನ್ನು ಹೆಗಲಿಗೇರಿಸಿಕೊಂಡು ಮರಳಿದಾಗ ಮಡು ಸುಮ್ಮನಿತ್ತು. ಆ ಕೂಗನ್ನು ಆಶ್ರಮದಲ್ಲಿ ಕೇಳಿ ಧಾವಿಸಿ ಬಂದು, ತಾನೂ ಹೊತ್ತು ಮೀರಿ ತಲುಪಿದ್ದ ಶೈಶಿರಾಯಣ ಮುನಿಯು, ಶೋಕಕ್ರೋಧಗಳೆರಡರಿಂದಲೂ ನಡುಗುತ್ತ, ನಿಲ್ಲಬೇಕಾದಾಗ ನಿಲ್ಲದ ಆ ಕಾಲುಗಳು ಇನ್ನೆಂದೂ ನಿಲ್ಲದಿರಲೆಂದು ಶಪಿಸಿದನು. ವ್ಯಾಧನು ಮಡುವಿನ ದಡದಲ್ಲಿ ಬಿದ್ದು ಹೊರಳಾಡುವುದನ್ನು ಕಂಡು ಕನಿಕರಗೊಂಡು, ಹನ್ನೆರಡು ವರುಷಗಳೊಳಗೆ ಯಾವುದಾದರೊಂದು ವೈಶಾಖ ಶುದ್ಧ ತದಿಗೆಯಂದು, ಸೂರ್ಯಾಸ್ತಕ್ಕೆ ಮೊದಲು ಸ್ಥಾಣುಶೃಂಗದ ತುದಿಯನ್ನು ಮುಟ್ಟಿದರೆ ವಿಮೋಚನೆಯೆಂದೂ, ಆ ಗಡುವು ತಪ್ಪಿದರೆ ಬದುಕಿರುವವರೆಗೂ ಹೀಗೆಯೇ ಎಂದೂ ನುಡಿದನು.

ಅಂದಿನಿಂದ ಅವನ ಪಾಡು ನಾಯಿಗೂ ಬೇಡ. ಇಪ್ಪತ್ತೊಂದು ಉಸಿರಿನಷ್ಟು ಹೊತ್ತು ಒಂದೆಡೆ ನಿಂತರೆ ಅಂಗಾಲಿನಲ್ಲಿ ಕೆಂಡ ಹೊತ್ತಿಕೊಳ್ಳುತ್ತಿತ್ತು. ಉಣ್ಣುವುದು ನಡೆಯುತ್ತ, ತೂಕಡಿಸುವುದು ಮರವನ್ನು ಸುತ್ತುತ್ತ. ಕಾಲಿಗೆ ಚಕ್ರ ಕಟ್ಟಿಕೊಂಡವನೆಂದು ಜನ ನಕ್ಕರು. ಅವನಿಗೆ ಅಳುವುದಕ್ಕೂ ಒಂದೆಡೆ ಕೂರುವಂತಿರಲಿಲ್ಲ. ಹನ್ನೊಂದು ವೈಶಾಖಗಳಲ್ಲಿ ಹನ್ನೊಂದು ಸಲ ಹತ್ತಿದನು, ಹನ್ನೊಂದು ಸಲವೂ ಹಿಮಗಾಳಿ ಅವನನ್ನು ಕೆಳಕ್ಕೆ ತಳ್ಳಿತು.

ಹನ್ನೆರಡನೆಯ ತದಿಗೆಯಂದು ಹಿಮಗಾಳಿ ಬೀಸಲಿಲ್ಲ. ಆದರೆ ಬೆಳಗಿನ ಕಾರ್ಮೋಡ ಸರಿದು ದಾರಿ ಕಾಣುವಷ್ಟರಲ್ಲಿ ನಡುಹಗಲಾಗಿ, ಅವನು ಕೊನೆಯ ಹುಲ್ಲುಗಾವಲನ್ನು ತಲುಪಿದಾಗ ಬಿಸಿಲು ನೆತ್ತಿಯಿಂದ ಜಾರತೊಡಗಿತ್ತು. ಅಲ್ಲಿ ಕುರಿ ಕಾಯುತ್ತಿದ್ದ ಊರ್ಣೆಯೆಂಬ ಮುದುಕಿ, ಅವನು ತನ್ನ ಗುಡಿಸಲನ್ನು ಸುತ್ತುತ್ತಲೇ ಹೇಳಿದ ಕಥೆಯನ್ನೆಲ್ಲ ಕೇಳಿ, ವಸಂತದ ಮಂಜನ್ನು ನಂಬಬೇಡವೆಂದಳು. ಮುಂಜಾವಿನಲ್ಲಿ ಅದು ಕಲ್ಲು, ನಡುಹಗಲಿನಲ್ಲಿ ಅಂಬಲಿ. ಮೇಲೆ ಬಿಳಿಯ ಹಾಸು, ಅಡಿಯಲ್ಲಿ ಅದನ್ನು ಕೊರೆಯುತ್ತ ಹರಿಯುವ ಹೊಳೆ. ಬಿಸಿಲಿಳಿದು ಮತ್ತೆ ಹೆಪ್ಪುಗಟ್ಟುವವರೆಗೆ ಆ ಇಳಿಜಾರಿಗೆ ಕಾಲಿಡುವವನು ಮೂರ್ಖ ಎಂದೂ ಸೇರಿಸಿದಳು. ಮಾತು ಸರಿಯೇ. ಆದರೆ ಬಿಸಿಲಿಳಿದರೆ ಅವನ ಗಡುವೂ ಇಳಿಯುತ್ತಿತ್ತಲ್ಲ!

ಓಡಿದನು. ಅವನು ನೇರವಾಗಿ ಹೊಳೆಯ ಮೇಲಣ ಟೊಳ್ಳು ಮಂಜಿನತ್ತಲೇ ಹೋಗುತ್ತಿರುವುದನ್ನು ಕಂಡು, ಗಟ್ಟಿ ದಾರಿ ತೋರಿಸಲೆಂದು ಊರ್ಣೆಯೂ ಕೋಲೂರಿಕೊಂಡು ಹಿಂದೆ ಬಂದಳು. ಹಗುರ ಹೆಜ್ಜೆಯ ವ್ಯಾಧನು ಆಚೆಯ ಬಂಡೆಗೆ ಹಾರಿದನು. ಅವನ ಓಟಕ್ಕೆ ಬಿರುಕುಬಿಟ್ಟಿದ್ದ ಹಾಸು ಮುದುಕಿಯ ಅಡಿಯಲ್ಲಿ ಕುಸಿಯಿತು. ತಿರುಗಿ ನೋಡಿದರೆ, ಎದೆಯವರೆಗೆ ಹೂತ ಆಕೆ ಎರಡು ಕೈಗಳಿಂದ ಮಂಜಿನಂಚನ್ನು ಹಿಡಿದಿದ್ದಳು, ಕೆಳಗೆ ಹೊಳೆ ಮೊರೆಯುತ್ತಿತ್ತು. ಶಿಖರ ಇನ್ನೊಂದು ಕೂಗಳತೆ ಮಾತ್ರ.

ಜಂಘಾಲನು ಹೆದೆ ಬಿಚ್ಚಿ ಬಿಲ್ಲಿನ ತುದಿಯನ್ನು ಚಾಚಿದನು, ಆಕೆ ಹಿಡಿದುಕೊಂಡಳು. ಎಳೆದಷ್ಟೂ ಅಂಚು ಮುರಿಯುತ್ತಿತ್ತು. ಮಂಜು ಗಟ್ಟಿಯಾಗುವವರೆಗೆ ಬಿಲ್ಲನ್ನು ಅಲುಗಿಸದೆ ಹಿಡಿದು ನಿಲ್ಲುವುದೊಂದೇ ಉಪಾಯವಾಗಿತ್ತು. ಇಪ್ಪತ್ತೊಂದು ಉಸಿರು ಮುಗಿಯಿತು, ಅಂಗಾಲು ಹೊತ್ತಿಕೊಂಡಿತು. ಅವನ ಕಣ್ಣು ಶಿಖರಕ್ಕೂ ಸೂರ್ಯನಿಗೂ ಓಡಾಡುವುದನ್ನು ಆ ತಾಯಿ ಕಂಡಳು.

“ಹೋಗಪ್ಪ,” ಎಂದಳು. “ನಾನು ಬಾಳಿ ಮುಗಿಸಿದವಳು. ನಿನ್ನ ಹೊತ್ತು ಮೀರುತ್ತದೆ.”

“ಒಮ್ಮೆ ಹೋಗಿದ್ದೇನಮ್ಮ,” ಎಂದನು ಜಂಘಾಲ.

ನೋವಿಗೆ ಹಲ್ಲು ಕಚ್ಚಿದನು, ತಮ್ಮನ ಹೆಸರು ಹಿಡಿದು ಗೊಣಗಿದನು, ಮೊಣಕಾಲುಗಳು ತಾವಾಗಿಯೇ ಓಡಲು ಕುಣಿದವು. ಪಾದಗಳನ್ನು ಮಾತ್ರ ಕೀಳಲಿಲ್ಲ. ಶಾಪಾಗ್ನಿಯ ತಾಪಕ್ಕೆ ಬಂಡೆಯ ಮೇಲಿನ ಮಂಜು ಕರಗಿತು, ಬಂಡೆಯೇ ಮೇಣದಂತೆ ಮೆತ್ತಗಾಗಿ ಅವನ ಪಾದಗಳು ಹರಡಿನವರೆಗೆ ಇಳಿದವು. ಹೀಗೆ ಮೂರು ಯಾಮ ಕಳೆದಂತೆ ಅನಿಸಿದ ಒಂದೂವರೆ ಯಾಮದ ಮೇಲೆ ಸೂರ್ಯನು ಶಿಖರದ ಹಿಂದೆ ಮುಳುಗಿದನು, ಶೀತವಾಯು ಬೀಸಿತು, ಹಾಸು ಹೆಪ್ಪುಗಟ್ಟಿತು. ಊರ್ಣೆಯು ಬಿಲ್ಲಿನ ಆಸರೆಯಿಂದ ಮೇಲೇರಿ ಬಂದಳು. ಗಡುವು ಮುಗಿದಿತ್ತು.

ಆಗ ಶೃಂಗಾಗ್ರದಿಂದ ಸ್ಥಾಣುದೇವನ ಮೇಘಗಂಭೀರ ನಾದವು ಕೇಳಿಬಂದಿತು:

“ವತ್ಸ, ಈ ತುದಿಯನ್ನು ಮುಟ್ಟಿ ಹೋದವರನ್ನು ಬಹಳ ಕಂಡಿದ್ದೇನೆ. ಒಬ್ಬರಿಗಾಗಿ ನಿಂತವನನ್ನು ಇಂದು ಕಂಡೆನು. ಇನ್ನು ನನ್ನನ್ನು ಕಾಣಬೇಕೆನ್ನುವವರು ಮೇಲಕ್ಕೆ ಬರುವುದು ಬೇಡ. ನೀನು ನಿಂತಲ್ಲಿ ನಾನಿರುವೆನು.”

ಅಂಗಾಲಿನ ಉರಿ ಆರಿತು. ಬಂಡೆಯಿಂದ ಪಾದಗಳನ್ನು ಎತ್ತಿಕೊಂಡ ಜಂಘಾಲನು ಹನ್ನೆರಡು ವರುಷಗಳಲ್ಲಿ ಮೊದಲ ಬಾರಿಗೆ ನೆಲದ ಮೇಲೆ ಕುಳಿತು, ತಮ್ಮನಿಗಾಗಿ ಮನಸಾರೆ ಅತ್ತನು. ಅತ್ತು ಮುಗಿದ ಮೇಲೆ ಊರ್ಣೆಯ ಕಂಬಳಿ ಹೊದ್ದು ನಿದ್ದೆಹೋದನು.

ಆ ಎರಡು ಪಾದಗುಳಿಗಳೇ ಇಂದಿಗೂ ಭಕ್ತರು ಕಾಣುವ ನಿಂತಡಿ. ಸುತ್ತಲೂ ಹಿಮವಿದ್ದರೂ ಅವುಗಳಲ್ಲಿ ಊರುವ ಉಗುರುಬೆಚ್ಚಗಿನ ನೀರು ಹೆಪ್ಪುಗಟ್ಟುವುದಿಲ್ಲ. ವೈಶಾಖದ ತದಿಗೆಯಂದು, ಊರ್ಣೆಯ ವಂಶದವರು ಮುಂಜಾವಿನಲ್ಲೇ ಹೊಳೆಯ ಮೇಲಣ ಹಾಸನ್ನು ದಾಟಿ, ಮೊದಲ ಯಾತ್ರಿಕನಿಗೆ ಬಿಲ್ಲಿನಂತೆ ಬಾಗಿದ ಕೋಲೊಂದನ್ನು ಚಾಚುವರು; ದಾಟಿದವನು ಗುಳಿಗಳಲ್ಲಿ ಪಾದವಿಟ್ಟು ನಿಂತು ತನ್ನ ಹಿಂದಿನವನಿಗೆ ಅದೇ ಕೋಲನ್ನು ಚಾಚುವನು, ಅವನು ಮತ್ತೊಬ್ಬನಿಗೆ. ಶಿಖರಕ್ಕೆ ಯಾರೂ ಹೋಗುವುದಿಲ್ಲ. ಕಟ್ಟಕಡೆಗೆ ದಾಟಿದವನೂ ಗುಳಿಗಳಲ್ಲಿ ನಿಲ್ಲಲೇಬೇಕು. ಬರಿಯ ಮಂಜಿನತ್ತ ಕೋಲು ಚಾಚಿ, ಹಿಂದೆ ಇನ್ನು ಯಾರಾದರೂ ಇದ್ದೀರಾ ಎಂದು ಗಟ್ಟಿಯಾಗಿ ಕೇಳಿ, ಯಾರೂ ಇಲ್ಲವೆಂದು ಗೊತ್ತಿದ್ದರೂ ಇಪ್ಪತ್ತೊಂದು ಉಸಿರಿನವರೆಗೆ ಕಾಯುವನು.