ಚಿಪ್ಪುಹಂದಿಯ ಸೋಲದ ವೀರ

ಜೂನ್ ಹದಿನಾಲ್ಕು, ಮಂಗಳವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗಾಳಿ ಜೋರಾಗಿತ್ತು.

ಮಕ್ಕಳೇ, ಒಂದು ಕುರುಚಲು ಕಾಡಿನ ನಡುವೆ ದೊಡ್ಡ ಬಂಡೆಯೊಂದಿತ್ತು. ಅದರ ಸುತ್ತಲೂ ಬಿಲಗಳು. ಒಳಗೊಳಗೇ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದವು. ಒಂದು ಬಿಲದಲ್ಲಿ ಆಡಿದ ಮಾತು ಉಳಿದೆಲ್ಲ ಬಿಲಗಳಲ್ಲೂ ಕೇಳುತ್ತಿತ್ತು. ಆಡಿದವರ ಮುಖ ಮಾತ್ರ ಕಾಣುತ್ತಿರಲಿಲ್ಲ.

ಹೊತ್ತು ಇಳಿದರೆ ಅಲ್ಲಿ ಕತೆ ಶುರು. ಕತೆ ಒಂದೇ, ಹೇಳುವವರು ಹಲವರು. ಒಬ್ಬೊಬ್ಬರದು ಒಂದೊಂದು ಪಾತ್ರ. ನಿಮ್ಮ ಪಾತ್ರ ಏನು ಮಾಡಿತು, ಏನು ಆಡಿತು ಎಂದು ನೀವೇ ಹೇಳಬೇಕು.

ನೀರುನಾಯಿಯ ಪಾತ್ರ ದೋಣಿ ನಡೆಸುವ ಸಿದ್ದವ್ವ. ಸಂಜೆಯಾದರೆ ಅವಳಿಗೆ ಕಣ್ಣು ಮಂಜು. ಮುಂಗುಸಿಯದು ತಿಪ್ಪ ಎಂಬ ಹೊಟ್ಟೆಬಾಕ ಕಳ್ಳ. ದೊಡ್ಡ ಕಣ್ಣಿನ ಕಾಡುಪಾಪದ್ದು ಹಾಡುವ ಹುಡುಗಿ ಚೆನ್ನಿ. ಅವಳಿಗೆ ಹಾಡಿನ ಕೊನೆಯ ಸಾಲು ಮರೆತುಹೋಗಿದೆ. ಮೂವರೂ ಒಂದೇ ದೋಣಿಯಲ್ಲಿ, ನಡುಹೊಳೆಯ ಮಂಜಿನಲ್ಲಿ ಸಿಕ್ಕಿಕೊಂಡಿದ್ದರು. ಮುಂದೇನು ಎಂಬುದು ಹೇಳುವವರಿಗೂ ಗೊತ್ತಿರಲಿಲ್ಲ. ಅದಕ್ಕೇ ದಿನವೂ ಬರುತ್ತಿದ್ದರು.

ಆ ಮಂಗಳವಾರ ಒಂದು ಖಾಲಿ ಬಿಲಕ್ಕೆ ಚಿಪ್ಪುಹಂದಿಯೊಂದು ನುಸುಳಿತು. ದೂರದ ಗುಡ್ಡದಿಂದ ಬಂದದ್ದು. ಈ ಕಾಡಿನಲ್ಲಿ ಅದನ್ನು ಇನ್ನೂ ಯಾರೂ ಮಾತಾಡಿಸಿರಲಿಲ್ಲ. ಕತ್ತಲಲ್ಲಿ ಮಾತು, ನಗು ಕೇಳಿ, ಅಲ್ಲಿಯವರೆಗಿನ ಕತೆಯನ್ನೆಲ್ಲ ಕೂತು ಆಲಿಸಿತು.

"ನಾನೂ ಸೇರಿಕೊಳ್ಳಲಾ?" ಎಂದಿತು.

"ಬಾ ತಮ್ಮಾ. ನಿನ್ನ ಪಾತ್ರ ಯಾರು?" ಎಂದಿತು ನೀರುನಾಯಿ.

ಬೇಡ ಅಂದುಬಿಟ್ಟರೆ? ಚಿಪ್ಪುಹಂದಿಗೆ ಹೆದರಿಕೆ. ಗಡಿಬಿಡಿಯಲ್ಲಿ ಹೇಳಿತು: "ವಜ್ರಬಾಹು! ಅವನಿಗೆ ಬಾಣ ನಾಟುವುದಿಲ್ಲ. ಹಾರುತ್ತಾನೆ. ಅವನಿಗೆ ಗೊತ್ತಿಲ್ಲದ ವಿದ್ಯೆಯೇ ಇಲ್ಲ. ಸೋತೇ ಇಲ್ಲ."

"ಸೋಲು ಇಲ್ಲ ಸರಿ, ಹಸಿವಾದರೂ ಆಗುತ್ತಾ?" ಮುಂಗುಸಿ ಕೇಳಿತು.

"ಇಲ್ಲ."

"ಪುಣ್ಯವಂತ. ನನ್ನ ತಿಪ್ಪನ ರೊಟ್ಟಿ ಉಳಿಯಿತು."

ಎಲ್ಲರೂ ನಕ್ಕರು. ಚಿಪ್ಪುಹಂದಿಗೆ ಧೈರ್ಯ ಬಂತು. ಒಂದೇ ಉಸಿರಿಗೆ ಶುರು ಮಾಡಿತು: "ವಜ್ರಬಾಹು ಹಾರಿ ಬಂದ. ಮಂಜನ್ನು ಊದಿ ಓಡಿಸಿದ. ದೋಣಿಯನ್ನು ಎತ್ತಿ ದಡಕ್ಕಿಟ್ಟ. ಸಿದ್ದವ್ವನ ಕಣ್ಣು ವಾಸಿ ಮಾಡಿದ. ಚೆನ್ನಿಯ ಹಾಡಿನ ಕೊನೆಯ ಸಾಲು ತಾನೇ ಹಾಡಿದ. ತಿಪ್ಪ ಅತ್ತು ಅವನ ಕಾಲಿಗೆ ಬಿದ್ದ!"

"ಏಯ್! ನನ್ನ ಕಳ್ಳ ಕಾಲಿಗೆ ಬಿದ್ದ ಅನ್ನೋಕೆ ನೀನ್ಯಾರಯ್ಯ?" ಮುಂಗುಸಿ ರೇಗಿತು. "ಅವನು ಅವರಪ್ಪನ ಕಾಲಿಗೇ ಬಿದ್ದವನಲ್ಲ!"

ಕಾಡುಪಾಪ ಮೆಲ್ಲಗೆ, "ಆ ಸಾಲನ್ನು ಚೆನ್ನಿ ಹುಡುಕಬೇಕಿತ್ತು," ಎಂದಿತು.

ಮರುದಿನ ಬಂಡೆ ತೆಪ್ಪಗಿತ್ತು. ಅದರ ಮರುದಿನವೂ ಅಷ್ಟೆ.

"ಯಾರಾದರೂ ಇದ್ದೀರಾ? ಕತೆ ಮುಂದೇನಾಯಿತು?" ಚಿಪ್ಪುಹಂದಿ ಕೂಗಿತು. ಅದರ ಕೂಗೇ ಬಿಲದಿಂದ ಬಿಲಕ್ಕೆ ಸುತ್ತಿ ವಾಪಸ್ಸು ಬಂತು.

ಬಹಳ ಹೊತ್ತಿಗೆ ನೀರುನಾಯಿಯ ದನಿ ಕೇಳಿತು. "ಮುಂದೆ ಏನಾಗಬೇಕು ತಮ್ಮಾ? ನಿನ್ನ ವೀರ ಎಲ್ಲಾ ಮುಗಿಸಿಬಿಟ್ಟನಲ್ಲ. ನಮಗೆ ಮಾಡೋಕೆ ಏನು ಬಿಟ್ಟ?"

"ಚೆನ್ನಾಗಿರೋ ಪಾತ್ರ ತಂದರೆ ಸೇರಿಸಿಕೊಳ್ತೀರಿ ಅಂದುಕೊಂಡೆ ಅಕ್ಕಾ."

"ಸೇರಿಸಿಕೊಳ್ಳೋಣ ಅಂದರೆ ಅವನಿಗೆ ನಮ್ಮಿಂದ ಏನೂ ಬೇಡವಲ್ಲ!"

ಚಿಪ್ಪುಹಂದಿ ಉಂಡೆಯಾಗಿ ಸುತ್ತಿಕೊಂಡು ಯೋಚಿಸಿತು. ಇಲ್ಲಿಯೂ ಮಾತು ನಿಂತರೆ ತನಗೆ ಇನ್ನಾವ ಬಂಡೆಯಿದೆ?

ಮರುಸಂಜೆ ಅದು ಗಂಟಲು ಸರಿಮಾಡಿಕೊಂಡಿತು. "ದೋಣಿ ದಡದಲ್ಲೇ ಇದೆ. ವಜ್ರಬಾಹು ಸಿದ್ದವ್ವನ ಹತ್ತಿರ ನಡೆದು ಬಂದ. 'ಅವ್ವಾ, ನನಗೆ ಆಚೆ ದಡಕ್ಕೆ ಹೋಗಬೇಕು' ಅಂದ."

"ಹಾರಿ ಹೋಗಲಿ," ಎಂದಿತು ಮುಂಗುಸಿ. ಅಂತೂ ಬಂದು ಕೂತಿತ್ತು!

"ಇನ್ನು ಅವನು ಹಾರುವುದಿಲ್ಲ. ನಾನೇ ಬಿಡಿಸಿದೆ."

ಬಿಲಗಳಲ್ಲಿ ಸಣ್ಣ ಸರಬರ ಸದ್ದಾಯಿತು. ಯಾರೋ ಹತ್ತಿರ ಸರಿದು ಕಿವಿಗೊಟ್ಟಿದ್ದರು.

ನೀರುನಾಯಿ ಸಿದ್ದವ್ವನ ದನಿಯಲ್ಲಿ ಕೇಳಿತು: "ಹತ್ತಿಸಿಕೊಳ್ತೀನಿ ಮಗಾ. ದೋಣಿ ಕೂಲಿ ಏನು ಕೊಡ್ತೀಯ?"

"ಒಂದು ಗಂಟು ಚಿನ್ನ."

"ನೀನು ಊದಿದರೆ ಇನ್ನೊಂದು ಗಂಟು ಹುಟ್ಟುತ್ತೆ. ಬೇಡ."

"ನನ್ನ ಕತ್ತಿ?"

"ಕತ್ತಿ ಇಲ್ಲದೆಯೂ ನೀನೇ ಗೆಲ್ಲೋನು. ಬೇಡ."

ಚಿಪ್ಪುಹಂದಿ ತನ್ನ ಬಾಲವನ್ನು ತಾನೇ ಅಪ್ಪಿಕೊಂಡಿತು. ಯಾರೂ ಅವಸರ ಮಾಡಲಿಲ್ಲ.

ಕೊನೆಗೆ ಅದು ಹೇಳಿತು: "ಅವ್ವಾ, ವಜ್ರಬಾಹುವಿಗೆ ಒಬ್ಬನೇ ಮಲಗೋಕೆ ಆಗಲ್ಲ. ಚಿಕ್ಕವನಿದ್ದಾಗ ಅಮ್ಮನ ಬಾಲದ ಮೇಲೆ ಕೂತೇ ಗುಡ್ಡವೆಲ್ಲ ಸುತ್ತಿದ್ದ. ಈಗ ಅಮ್ಮ ಇಲ್ಲ. ಆದರೂ ಕತ್ತಲಾದರೆ ಹಿಡಿದುಕೊಳ್ಳೋಕೆ ಒಂದು ಬಾಲ ತಡಕುತ್ತಾನೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ."

ವೀರನಿಗೆ ಬಾಲವಿರುವ ಅಮ್ಮನೇ ಎಂದು ಯಾರೂ ಕೇಳಲಿಲ್ಲ. ಆಚೆ ಬಿಲದಲ್ಲಿ ಕೂತವರು ಹೇಳಿದ್ದು ತಮ್ಮದೇ ಕತೆ ಎಂದು ಎಲ್ಲರಿಗೂ ಅರ್ಥವಾಗಿತ್ತು.

ಮೊದಲು ಮಾತಾಡಿದ್ದು ಮುಂಗುಸಿಯೇ. "ನನ್ನ ತಿಪ್ಪನಿಗೆ ಬಾಲ ಇಲ್ಲಪ್ಪ. ಪಂಚೆಯ ತುದಿ ಇದೆ. ಬೇಕಾದರೆ ಹಿಡಿದುಕೊಳ್ಳಲಿ. ರೊಟ್ಟಿ ಕೇಳಬಾರದು, ಅಷ್ಟೆ."

"ಚೆನ್ನಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು," ಎಂದಿತು ಕಾಡುಪಾಪ.

ನೀರುನಾಯಿಯ ಸಿದ್ದವ್ವ ಹುಟ್ಟನ್ನು ಕೈಗೆತ್ತಿಕೊಂಡಳು. "ಹತ್ತು ಮಗಾ. ಯಾರಿಗೂ ಹೇಳದ್ದನ್ನು ಹೇಳಿದೆಯಲ್ಲ, ಅದೇ ನಿನ್ನ ಕೂಲಿ. ನನಗೆ ಸಂದಿತು."

ನೀತಿ: ಹಲವರು ಕೂಡಿ ಕಟ್ಟುವ ಕತೆಗೆ ಪಾತ್ರ ತರುವವರು ಅದರ ಬಲಕ್ಕಿಂತ ಮೊದಲು ಅದರ ಕೊರತೆಯನ್ನು ತರಬೇಕು, ಬೇರೆಯವರ ಪಾತ್ರದ ಅಳು ನಗುವನ್ನು ಅವರಿಗೇ ಬಿಡಬೇಕು.